ಲೆಕ್ಕ ತಪ್ಪಿದ ರೊಟ್ಟಿ

ಸೊಲ್ಲಾಪುರದ ಅಕ್ಕಲಕೋಟ ರಸ್ತೆ,
ಚಾದರ ಕಾರಖಾನಿ ಸಾಲು ಮುಗಿದಲ್ಲಿ ಸುಗಲಾಬಾಯಿ ಖಾನಾವಳಿ.
ಬೋರ್ಡಿನ ಮ್ಯಾಲೆ ಮರಾಠಿ: ಜೇವಣ ತಯಾರ ಆಹೆ.
ಒಳಗ ಬೈಗುಳ ಎಲ್ಲಾ ಕನ್ನಡ.

ನಲವತ್ಮೂರನೇ ವಯಸ್ಸಿಗೆ ಗಂಡು ನೋಡಲಿಕ್ಕೆ ಬಂದೀನಿ.
ಮನ್ಯಾಗ ಬ್ಯಾಡ, ಉಪ್ಪಿಟ್ಟಿನ ತಾಟು ಹಿಡಕೊಂಡು
ನಿಂದ್ರೂದು ಒಮ್ಮೆ ಆಗಿಹೋತು ಅಂತ ನಾನ ಅಂದಿದ್ದೆ.
ಸೋದರಮಾವನ ಮಗ ಬಸಲಿಂಗ, ಇದನ್ನ ಕೂಡಿಸಿದಾವ,
ಆಚಿ ಟೇಬಲ್ಲಿಗೆ ಬೆನ್ನು ತಿರುವಿ ಕೂತಾನ;
ಕಿವಿ ನಮ್ಮ ಕಡಿ, ಕೈ ಎಣಗಾಯಿ ಕಡಿ.

ಎದುರಿಗೆ ಧರೆಪ್ಪ. ಮೂವತ್ತು ವರ್ಷ ಜಾಬರ್.
ಮಗ್ಗದ ಗದ್ದಲ ಕಿವಿ ತಿಂದದ,
ಮೆತ್ತಗ ಮಾತಾಡೂದು ಮರ್ತಾನ.
"ನಂದು ಸ್ವಂತ ಖೋಲಿ ಐತ್ರಿ!" ಅಂದ,
ಗಲ್ಲೇದ ಮುಂದಿನ ಮುದುಕ ತಲಿ ಎತ್ತಿದ.
"ಮೊದಲಿನಾಕಿ ಕಾಮಾಲಿ ಆಗಿ ಹೋದ್ಲರಿ!" ಅಂದ,
ಮೂಲಿಯ ಲಾರಿ ಡ್ರೈವರ್ ಮಜ್ಜಿಗಿ ಗ್ಲಾಸು ಕೆಳಗಿಟ್ಟು
ಒಂದು ಗಳಿಗಿ ಸುಮ್ಮನಾದ.

ನಾನು ರೊಟ್ಟಿ ಬಡಿದು ಬದುಕಿದಾಕಿ.
ಮಾಲದಂಡಿ ಜೋಳ, ನಸುಕಿನ ನಾಕಕ್ಕ ಹಂಚು,
ಖಡಕ್ ರೊಟ್ಟಿ, ನೂರರ ಕಟ್ಟು.
ಕತ್ತಲಾಗ ಬೆರಳಿಂದ ಅಂಚು ಮುಟ್ಟಿ
ತೊಂಬತ್ತೊಂಬತ್ತಿದ್ರ ಹೇಳ್ತೀನಿ.
ಆದ್ರ ಇನ್ನೊಬ್ಬರು ಬಡಿದದ್ದು, ಹಂಚಿನಿಂದ ನೇರ ತಾಟಿಗೆ,
ಉಬ್ಬಿದ ಹೊಟ್ಟಿ ಇನ್ನೂ ಇಳೀದಂಥಾದ್ದು,
ಅವ್ವ ಸತ್ತಮ್ಯಾಲೆ ತಿಂದಿಲ್ಲ.

ಒಳಗ ತಟ್ ತಟ್, ತಟ್ ತಟ್.
ಅಂಚು ಒಡೀತು, ಸವರಿದಳು. ನೋಡದನ ಗೊತ್ತಾತು.
ಹಿಟ್ಟು ಮೊನ್ನೆ ಬೀಸಿದ್ದು, ಅದೂ ಗೊತ್ತಾತು.
ಧರೆಪ್ಪಗ ಇದೇನೂ ಕೇಳಸೂದಿಲ್ಲ. ಕಂಡದ್ದು
ಟೇಬಲ್ಲಿನ ತುದಿಗೆ ಬಡಕೊಳ್ಳೂ ನನ್ನ ಬೆರಳು.
"ಕೈಗೆ ಇವತ್ತರೆ ಸೂಟಿ ಕೊಡ್ರಿ!" ಅಂತ ಒದರಿದ.
ಇಡೀ ಖಾನಾವಳಿ ನನ್ನ ಕೈ ನೋಡ್ತು.

ಸೋಮ್ಯಾ ತಾಟು ತಂದ: ಹೆಸರಕಾಳು, ಪುಂಡಿಪಲ್ಯ,
ಗುದ್ದಿದ ಉಳ್ಳಾಗಡ್ಡಿ, ಶೇಂಗಾ ಹಿಂಡಿ,
ನಡುವ ಕುಳಿ ಮಾಡಿ ಗಟ್ಟಿ ಮೊಸರು.
ರೊಟ್ಟಿ ಹರದ್ರ ಉಗಿ ಬಂದು ಚಷ್ಮಾಕ್ಕ ಕೂತು.
ತಿಂದೆ. ಅಂಚು ದಪ್ಪ ಇತ್ತು. ತಿಂದೆ.
ಒಂದು ಕಡಿ ಹೊತ್ತಿತ್ತು; ಅದನ್ನೂ.
ಅಂವ ಫಂಡಿನ ರೊಕ್ಕ, ಮಗಳ ಬಾಣಂತನ, ಬಿಪಿ ಗುಳಿಗಿ
ಏನೇನೋ ಹೇಳ್ತಿದ್ದ,
ನಾ ಬಾಯಿ ತುಂಬ್ಕೊಂಡು ಹೂಂ ಅಂತಿದ್ದೆ.

ಬಿಲ್ಲಿನ ಹೊತ್ತಿಗೆ ಸೋಮ್ಯಾ ಕಿವಿ ಹಿಂದಿನ ಪೆನ್ನು ತೆಗೆದ.
"ಮೂರರ ಮ್ಯಾಲಿನ ರೊಟ್ಟಿಗೆ ಬ್ಯಾರೆರಿ. ಎಷ್ಟಾದ್ವು ಅಕ್ಕಾ?"
ಬೆರಳು ಮಡಚಿದೆ. ಬಿಚ್ಚಿದೆ.
ನೂರರ ಕಟ್ಟಿನಾಕಿ, ನನಗ ಗೊತ್ತಿಲ್ಲ.
"ಐದು!" ಅಂದ ಧರೆಪ್ಪ. "ಅವರು ಐದು. ನಾ ಎರಡು."

ಗಂಟಲದಾಗ ಮೊಸರು ನಿಂತು.
ಅತ್ತಿಮನ್ಯಾಗೂ ಎಣಸ್ತಿದ್ರು.
ರಾತ್ರಿ ಬುಟ್ಟಿ ಮುಚ್ಚೂ ಮುಂದ
ಹೊಲದವರಿಗಿಷ್ಟು, ನಾಯಿಗಿಷ್ಟು,
ಒಂದು ಕಮ್ಮಿ ಬಿದ್ರ ನನ್ನ ಮಾರಿ ನೋಡ್ತಿದ್ರು.
ಹನ್ನೊಂದು ವರ್ಷ ಬಾಯಿ ಒರಸಿಕೊಂಡ
ಅಡಗಿಮನಿಯಿಂದ ಹೊರಗ ಬಂದಾಕಿ ನಾ.

"ಯಾಕ ಎಣಿಸಿದ್ರಿ?" ಅಂವಗ ಕೇಳಸಲಿಲ್ಲ.
"ಯಾಕ ಎಣಿಸಿದ್ರಿ!" ಈ ಸಲ ನಾನೂ ಒದರಿದೆ.
ಲಾರಿ ಡ್ರೈವರ್, ಗಲ್ಲೇದ ಮುದುಕ, ಬಸಲಿಂಗನ ದವಡಿ,
ಒಳಗಿನ ತಟ್ ತಟ್ ಕೂಡ ನಿಂತು.
ಧರೆಪ್ಪ ನೀರು ಕುಡಿದ.
ಮಗ್ಗದ ಮುಂದ ನಿಂತು ನಿಂತು
ಎಳಿ ಎಣಸೂದು ಬಿಟ್ರ ಏನೂ ಬರೂದಿಲ್ಲರಿ, ಅಂದ.
ಅದೊಂದು ಮಾತು ಮೆತ್ತಗ ಅಂದ.

ನನ್ನ ಪಾಲಿನ ರೊಕ್ಕ ನಾ ಇಟ್ಟೆ.
ಕೈ ತೊಳಕೊಳ್ಳೂ ಮುಂದ ಒಳಗ ಹಣಿಕಿದೆ:
ಹಂಚಿನ ಮುಂದ ಹದಿನೆಂಟರ ಪೋರಿ, ಹುಬ್ಬಿಗೆ ಹಿಟ್ಟು.
ಅಂಚು ಬಡೀವಾಗ ಕೈ ಹಗುರ ಮಾಡವಾ ಅನ್ನಲಿಕ್ಕೆ ಬಾಯಿ ತೆರೆದು
"ಚಲೋ ಆಗಿದ್ವು" ಅಂದೆ.

ಬಸಲಿಂಗ ಸ್ಕೂಟರ್ ಚಾಲೂ ಮಾಡಿ, ಏನಂತಿ, ಅಂದ.
ಶನಿವಾರ ಹೇಳ್ತೀನಿ.
ಶುಕ್ರವಾರ ಮುನ್ನೂರರ ಆರ್ಡರ್ ಐತಿ,
ಎಣಸಬೇಕು.