ಕಮಾನು ಇದ್ದ ಜಾಗ

ಆರು ದಿನ ಜೇಬು ಹೊಲಿಯುತ್ತೇನೆ.
ದಿನಕ್ಕೆ ನಾನೂರು, ನೀಲಿ ದಪ್ಪ ಬಟ್ಟೆಗೆ.
ಯಾವ ದೇಶದ ಯಾರ ಕೈ ಅದರೊಳಗೆ ಬೆಚ್ಚಗಿರುತ್ತದೋ,
ಕೇಳಿದವರಿಲ್ಲ, ಹೇಳಿದವರಿಲ್ಲ.
ಏಳನೆಯ ದಿನ ನನ್ನದೇ ಜೇಬು:
ಬಲೂಚಿ ಅಂಗಿಯ ಮುಂದೆ, ಹೊಟ್ಟೆಯಿಂದ ಅಂಚಿನ ತನಕ,
ಅಜ್ಜಿ ಕೆಂಪು ನೂಲಲ್ಲಿ ಕಸೂತಿ ತುಂಬಿದ್ದು.
ಒಂದು ಮೇಕೆಮರಿ ಹಿಡಿಸುತ್ತದೆ ಅಂತ
ಅಣ್ಣನ ಮಗಳು ಮಾಹಿಕಾನ್ ನಗುತ್ತಾಳೆ.

ಲಿಯಾರಿಯಿಂದ ಬಸ್ಸು. ಮೈತುಂಬ ತಗಡಿನ ನವಿಲು,
ಒಳಗೆ ನಿಲ್ಲಲು ಒಂದೇ ಕಾಲಿನಷ್ಟು ಜಾಗ.
ಟ್ರಕ್ಕುಗಳ ಸಾಲು ದಾಟಿ, ಉಪ್ಪಿನ ಮಡಿಗಳನ್ನು ದಾಟಿ,
ಉಳ್ಳವರು ದಿನದ ಬಾಡಿಗೆಗೆ ಹಿಡಿಯುವ
ಕಡಲಂಚಿನ ಹಟ್ಟುಗಳು, ಗೆಜ್ಜೆ ಕಟ್ಟಿದ ಒಂಟೆ, ಹುರಿದ ಜೋಳ.
ಅಲ್ಲಿ ನಾವು ಇಳಿಯಲಿಲ್ಲ.
ಬಸ್ಸು ಹಿಂತಿರುಗುವಲ್ಲಿ ಇಳಿದು ನಡೆದೆವು,
ಡಾಂಬರು ಮುಗಿದು, ಜಲ್ಲಿ ಮುಗಿದು,
ದಾರಿಯೆಂಬುದೇ ಮುಗಿದು
ಕಲ್ಲು ಶುರುವಾಗುವ ತನಕ.

ಎಂಥ ಕಲ್ಲು ಅಂತೀರಿ!
ಮೇಲೆ, ಮುಟ್ಟಿದರೆ ಉದುರುವ ಹಳದಿ ದಿಣ್ಣೆ.
ಕೆಳಗೆ, ಚಿಪ್ಪು ಕಚ್ಚಿದ ಕರಿಬಂಡೆ, ಗರಗಸದ ಬಾಯಿ.
ನಡುವೆ ಅಂಗೈ ಅಗಲದ ಹೊಂಡಗಳು,
ಕಡಲು ಮರೆತು ಬಿಟ್ಟುಹೋದ ತಟ್ಟೆಗಳ ಹಾಗೆ.
ಕೂತಲ್ಲೇ ಕೂತಳು ಹುಡುಗಿ.
ಒಂದರಲ್ಲಿ ಮುಳ್ಳುಚೆಂಡು. ಒಂದರಲ್ಲಿ ಗಾಜಿನಂಥ ಸಿಗಡಿ.
ಇನ್ನೊಂದರಲ್ಲಿ
ಕೆಮ್ಮಿನ ಔಷಧಿಯ ಮುಚ್ಚಳವನ್ನೇ ಮನೆ ಮಾಡಿಕೊಂಡು
ಹೊತ್ತು ನಡೆಯುವ ಪುಟ್ಟ ಏಡಿ.

ಹಿಂದೆ ನೋಡಿದರೆ ಕರಾಚಿ ಇಲ್ಲ.
ಅಷ್ಟೂ ಜನ, ಅಷ್ಟೂ ಹಾರ್ನು, ನಮ್ಮ ಮೂರು ಪಾಳಿ,
ದಿಗಂತದ ಕೆಳಗೊಂದು ಕಂದು ಕಲೆ.
ಒದ್ದೆ ಬೆರಳಲ್ಲಿ ಒರೆಸಿದರೆ ಹೋಗಬಹುದು.

ಬಂಡೆಯ ತುದಿಯಲ್ಲಿ ಗಾಳದ ದಾರ ಬೆರಳಿಗೆ ಸುತ್ತಿ
ಕುಳಿತಿದ್ದ ನಾಖೋ ಶಂಬೆ.
"ಕಮಾನು ಎಲ್ಲಿ?" ಕೇಳಿದಳು ಮಾಹಿಕಾನ್.
ನಮ್ಮ ಗೋಡೆಯ ಮೇಲಿದೆ ಆ ಚಿತ್ರ:
ಕಲ್ಲಿನ ಕಮಾನಿನ ಕೆಳಗೆ ಅಪ್ಪ,
ಎಣ್ಣೆ ಹಾಕಿ ಬಾಚಿದ ತಲೆ, ಸಾಲ ತಂದ ಕನ್ನಡಕ.
ಮುದುಕ ಖಾಲಿ ಗಾಳಿಯತ್ತ ಗದ್ದ ಎತ್ತಿದ.
"ಅದೋ, ಅಲ್ಲೇ. ಬಿದ್ದು ಬಹಳ ವರ್ಷವಾಯಿತು."
"ಪಾಪ," ಅಂದಳು ಇವಳು.
"ಯಾಕೆ ಪಾಪ? ಬಿದ್ದ ಕಲ್ಲಿನ ಸಂದಿಯಲ್ಲಿ
ಮುರು ಮೀನು ಸಂಸಾರ ಹೂಡಿದೆ. ನನಗೂ ಊಟ ಆಗುತ್ತದೆ."

ಉಳಿದ ಎರಡು ಮೋಟುಗಳ ನಡುವೆ ಹೋಗಿ ನಿಂತು
ಕೈಯೆರಡೂ ಎತ್ತಿ ಹಿಡಿದಳು ಹುಡುಗಿ,
ಭಾರ ಹೊತ್ತವಳ ಹಾಗೆ ಮುಖ ಕೆಂಪಾಗಿಸಿ:
"ಫೂಫಿ, ಬೇಗ ಫೋಟೋ ತೆಗಿ, ಬೀಳುತ್ತದೆ!"
ತೆಗೆದೆ.

ಏಡಿ ನನ್ನ ಜೇಬಲ್ಲಿತ್ತು. ನಾಖೋ ಕಂಡುಹಿಡಿದ.
"ಮನೆ ಸಮೇತ ಒಯ್ದರೆ ಅದು ಕಳವು, ಮಗಾ."
ವಾಪಸು ಬಿಟ್ಟೆವು. ಔಷಧಿಯ ಮುಚ್ಚಳ
ಹಿಂತಿರುಗಿ ನೋಡದೆ ನೀರಿಗಿಳಿಯಿತು.

ಅಷ್ಟರಲ್ಲಿ ಭರತ. ಬಂದ ದಾರಿ ನೀರಿನೊಳಗೆ.
ದಿಣ್ಣೆ ಹತ್ತಿದೆವು, ನಾಲ್ಕು ಕಾಲಿನ ಮೇಲೆ,
ಹಿಡಿದ ಮಣ್ಣು ಹಿಡಿದಲ್ಲೇ ಉದುರುತ್ತ,
ಕೆಳಗಿಂದ ನಾಖೋ, "ಎಡಕ್ಕೆ! ಬೆರಳಲ್ಲ, ಮೊಣಕೈ ಊರು!"
ಅಂತ ಕೂಗುತ್ತ, ನಗುತ್ತ.
ಅಜ್ಜಿಯ ಕಸೂತಿ ಎಲ್ಲೋ ಚರ್ ಎಂದಿತು.
ಮೇಲೆ ಬಂದು ಮಲಗಿದಾಗ ಎದೆಯೊಳಗೂ ಅಲೆ.

ಸೋಮವಾರ ಸಂಜೆ, ಕಾರ್ಖಾನೆಯ ಗೇಟು.
ಹೋಗುವಾಗ ಎಲ್ಲರ ಜೇಬೂ ತಡಕುತ್ತಾರೆ,
ಗುಂಡಿ, ಜಿಪ್ಪು, ನೂಲಿನುಂಡೆ ಕದ್ದೆವೋ ಎಂದು.
ತಾಜ್‌ಬಾನುವಿನ ಕೈ ನನ್ನ ಜೇಬಿನ ತಳ ಮುಟ್ಟಿ
ಅಲ್ಲೇ ನಿಂತಿತು.
"ಏನಿದು?"
"ಮರಳು."
ಹೊರತೆಗೆದು ಬೆಳಕಿಗೆ ಹಿಡಿದಳು, ಮೂಸಿದಳು.
ಹಿಂದೆ ಇನ್ನೂರು ಹೆಂಗಸರ ಸಾಲು ಗೊಣಗುತ್ತಿತ್ತು.
"ಸರಿ, ನಡಿ," ಅಂದಳು.

ಬಸ್ಸು ನಿಲ್ದಾಣದಿಂದ ತಿರುಗಿ ನೋಡಿದೆ:
ಒಂದೇ ಕೈಯಲ್ಲಿ ತಡಕುತ್ತಿದ್ದಾಳೆ,
ಇನ್ನೊಂದು ಮುಷ್ಟಿ ಮುಚ್ಚಿಯೇ ಇದೆ.