ವಿಷಲ್ ಊದಬಾರದು

ಎಡದವಡೆಯಲ್ಲಿ ಅಡ್ಡಡ್ಡ ಮಲಗಿದ್ದ ಬುದ್ಧಿಹಲ್ಲನ್ನು
ಮೂರು ತುಂಡು ಮಾಡಿ ಕಿತ್ತು
ಸ್ಟೀಲಿನ ಬಟ್ಟಲಿಗೆ ಟಣ್ಣೆಂದು ಹಾಕಿ
ವಿರಾಜಪೇಟೆಯ ಡಾಕ್ಟರ್ ಶಹನಾಜ್ ಹೇಳಿದರು:
ನನ್ನ ಕೆಲಸ ಮುಗಿಯಿತು, ಇನ್ನು ನಿಮ್ಮದು.
ಉಗುಳಬೇಡಿ. ಸ್ಟ್ರಾ ಹಾಕಿ ಹೀರಬೇಡಿ.
ಅಂದ ಹಾಗೆ, ಏನು ಕೆಲಸ ಮಾಡ್ತೀರಿ?

ಬಾಯಿತುಂಬ ಹತ್ತಿ.
ಕೊರಳ ದಾರ ಎಳೆದು ವಿಷಲ್ ತೋರಿಸಿದೆ.
ಅದೂ ಬೇಡ, ಅಂದರು, ಹದಿನೈದು ದಿನ.

ಕೇಳಿದವರಿಗೆಲ್ಲ ಒಂದೊಂದು ಮದ್ದು ಗೊತ್ತು.
ಪಕ್ಕದ ಮನೆಯ ನಂಜವ್ವ ಲವಂಗ ತಂದಳು,
ಪಾಪಯ್ಯ ಮಾವ ಬ್ರಾಂದಿ ತಂದರು, ಮುಕ್ಕಳಿಸೋಕೆ.
ಮುಕ್ಕಳಿಸಬಾರದು ಎಂದು ಬರೆದು ತೋರಿಸಿದರೆ
ಸುಮ್ಮನೆ ಹಾಳಾಗುತ್ತಲ್ಲ ಎಂದು ತಾವೇ ಕುಡಿದರು.
ನಾನು ತಣ್ಣಗಾದ ಪಾಪುಟ್ಟನ್ನು ಹಾಲಲ್ಲಿ ಕಿವುಚಿ
ಬಲಗಡೆಗೆ ತಳ್ಳಿ ನುಂಗಿದೆ.

ರಾತ್ರಿ ನಾಲಿಗೆಯದೇ ಕಾಟ.
ಬೇಡವೆಂದರೂ ಗುಂಡಿಯ ತನಕ ಹೋಗಿ
ಇಣುಕಿ ಬರುತ್ತದೆ.
ಅಲ್ಲಿ ರಕ್ತ ಹೆಪ್ಪುಗಟ್ಟಿ ಕೂತಿದೆಯಂತೆ,
ಅದು ಜಾರಿದರೆ ಮೂಳೆ ಬರಿಮೈ, ನೋವು ಕಿವಿಯವರೆಗೆ.
ಹೆಪ್ಪು.
ಅವ್ವ ಹಾಲಿಗೆ ಹಾಕಿಡುತ್ತಿದ್ದಳು,
ಗಡಿಗೆ ಮುಟ್ಟಿದರೆ ಕೈಮೇಲೆ ಏಟು:
ನೋಡ್ತಾ ಕೂತರೆ ಮೊಸರಾಗಲ್ಲ, ಹೋಗು.

ಪೊನ್ನಂಪೇಟೆ ಮೈದಾನದಲ್ಲಿ
ಒಂಬತ್ತನೇ ಕ್ಲಾಸಿನ ದೇಚಮ್ಮನ ಕೈಗೆ ವಿಷಲ್ ಕೊಟ್ಟೆ.
ಮೊದಲ ದಿನ ಊದಿದಳು, ಗೋಲಿನ ಕಂಬದ ಕಾಗೆ ಕೂಡ ಏಳಲಿಲ್ಲ.
ಮೂರನೇ ದಿನ, ಸ್ವಂತ ತಂಗಿಯ ಕಾಲಿಗೆ ಚೆಂಡು ತಾಗಿದ್ದಕ್ಕೆ
ನಿಲ್ಲಿಸಿಯೇ ಬಿಟ್ಟಳು ಆಟ.
ನನಗೆ ಕಂಡಿರಲಿಲ್ಲ.
ಇಷ್ಟು ವರ್ಷ ಊದುವ ಗಡಿಬಿಡಿಯಲ್ಲಿ
ಎಷ್ಟು ಕಾಣದೆ ಹೋಯಿತೋ.

ಹದಿನಾರನೇ ದಿನ ನಾನು ಊದಿದೆ.
ಹುಡುಗಿಯರು ಓಡುತ್ತಲೇ ಇದ್ದರು,
ಹೌದಾ ಎಂದು ದೇಚಮ್ಮನತ್ತ ತಿರುಗಿ ನೋಡುತ್ತ.

ನಾಲ್ಕು ತಿಂಗಳ ಮೇಲೆ ಎಕ್ಸ್-ರೇ.
ಕಪ್ಪು ಗುಂಡಿಯ ತಳದಿಂದ, ಅಂಚಿನಿಂದ
ಬೂದುಬಿಳಿ ಎದ್ದಿದೆ, ಇನ್ನೂ ಗಟ್ಟಿಯಾಗಿಲ್ಲ.
ಬೆಳಕಿಗೆ ಹಿಡಿದು ನೋಡಿ ಡಾಕ್ಟರ್ ಅಂದರು:
ಮೂಳೆ ಚೆನ್ನಾಗಿ ಬರ್ತಾ ಇದೆ. ಏನು ಮಾಡಿದಿರಿ?
ಏನೂ ಇಲ್ಲ, ಅಂದೆ.
ಸರಿ, ಇನ್ನೆರಡು ತಿಂಗಳು ಅದನ್ನೇ ಮಾಡಿ.

ವಾಪಸು ಬರುವಾಗ ಗೋಣಿಕೊಪ್ಪದಲ್ಲಿ ಬಸ್ಸಿಳಿದು
ಇನ್ನೊಂದು ವಿಷಲ್ ಕೊಂಡೆ.
ಇದರ ದಾರ ಕೆಂಪು.