ಓಡೂ ಮಗ್ಗ

ಕರ್ರಗ, ಡಾಂಬರಿನಂಗ,
ಎರಡು ದಿನದಿಂದ ಹೋಗಾಕತ್ತಿತ್ತಂತ.
ಹೇಳಿರಲಿಲ್ಲ ಮಲಕಣ್ಣ.
ಚಾದರದ ಕಾರಖಾನ್ಯಾಗ ಮೂರನೇ ಮಗ್ಗದ ಹಂತೇಲಿ
ಬೆವತು ಕುಂತಾಗ ಗೊತ್ತಾತು.
ಎದಿಯೊಳಗ ಸ್ಪ್ರಿಂಗ್ ಕುಂದ್ರಿಸಿ
ಇನ್ನಾ ಐದು ವಾರ.

ಸೊಲ್ಲಾಪುರದ ದವಾಖಾನಿ, ರಾತ್ರಿ ಹನ್ನೊಂದು.
ಹೊಟ್ಟಿ ಡಾಕ್ಟರಬಾಯಿ ಗುಂಡೇಟಿ ಅಂದ್ಳು:
ಕೊಳವಿ ಬಿಟ್ಟು ನೋಡಬೇಕು, ಎಲ್ಲಿ ಸೋರತೈತಿ ಅಂತ.
ಎದಿ ಡಾಕ್ಟರ್ ಘೊಂಗಡೆ ಇಸಿಜಿ ಪಟ್ಟಿ ಹಿಡಿದು
ದೀಪಕ್ಕ ಎತ್ತಿ ನೋಡಿದ, ಥೇಟ್
ನಾವು ಬಟ್ಟಿಯ ಡಾಗ ನೋಡಿದಂಗ:
ಈಗ ಬ್ಯಾಡ. ಮೊದಲು ರಕ್ತಾ ಏರಸರಿ.
ಆರು ಐತಿ ಹಿಮೋಗ್ಲೋಬಿನ್, ಎದಿ ತಡಿಯೂದಿಲ್ಲ.

ತಂಗಿ ಭೌರವ್ವ ನನ್ನ ಮಾರಿ ನೋಡಿದ್ಳು.
ಇಪ್ಪತ್ತಾರು ವರ್ಷ ಜಾಬರ್ ನಾನು.
ಎಳಿ ಹರೀತೋ, ಮಗ್ಗಾ ನಿಲ್ಲಸು, ಗಂಟು ಹಾಕು, ಚಾಲೂ ಮಾಡು.
ಇಷ್ಟಽ ನನ್ನ ವಿದ್ಯಾ.
ಹಂಗಽ ಮಾಡ್ರಿ ಅಂದೇಬಿಟ್ಟೆ.
ಡಾಕ್ಟರಬಾಯಿ ನಗಲಿಲ್ಲ. ಕಾಕಾ, ಅಂದ್ಳು,
ಈ ಮಗ್ಗಾ ನಿಲ್ಲಸಾಕ ಬರೂದಿಲ್ಲ,
ಓಡತಿರಬೇಕಾದ್ರನಽ ಕೈ ಹಾಕಬೇಕು.
ಲಗೂ ಹಾಕಿದ್ರ ಎದಿ ಕೈಕೊಡತೈತಿ,
ತಡಾ ಮಾಡಿದ್ರ ರಕ್ತಾನಽ ಉಳಿಯೂದಿಲ್ಲ.

ಸಹಿ ಹಾಕೂ ಕಾಗದಾ ಮರಾಠಿ.
ಭೌರವ್ವಗ ಬರೂದು ಕನ್ನಡ, ಅದೂ ನಾಕನೇ ಇಯತ್ತೆ.
ನಾ ಓದಿ ಹೇಳಿದೆ. ನಡುವ 'ಧೋಕಾ' ಅಂತ ಬಂತು.
ಯಾರು ಮಾಡತಾರೋ ಅಣ್ಣಾ, ಧೋಕಾ?
ಯಾರೂ ಇಲ್ಲಬೇ, ಮರಾಠ್ಯಾಗ ಅಂದ್ರ ಅಪಾಯ.
ಆಕಿ ಬಾಳೊತ್ತು ಆ ಅಕ್ಷರದ ಮ್ಯಾಲೆ ಬಟ್ಟಿಟ್ಟು ಕುಂತಳು,
ಆಮ್ಯಾಲೆ ಹೆಸರು ಬರದ್ಳು. ಕನ್ನಡದಾಗ.

ಒಂದು ಬಾಟ್ಲಿ ಏರಿತು. ಎರಡು.
(ಎರಡನೇದು ಯಾರದೋ, ಗುಂಪು ಕೂಡಿತ್ತು, ಹೆಸರಿಲ್ಲ.)
ಮಾನಿಟರ್ ಮ್ಯಾಲಿನ ಅಂಕಿ
ಲಾಳಿ ಎಣಿಸಿದಂಗ ನೋಡಕೋತ ಕುಂತೆ:
ನೂರಾ ಮೂವತ್ತು,
ನಾಕಕ್ಕ ನೂರಾ ಎಂಟು,
ಐದೂವರಿಗೆ ತೊಂಬತ್ತಾರು.
ಘೊಂಗಡೆ ಕುರ್ಚಿ ಬಿಟ್ಟು ಎದ್ದ: ಈಗ.

ಅರ್ಧಾ ತಾಸೂ ಹಿಡೀಲಿಲ್ಲ. ಜ್ವಾಳದ ಕಾಳಷ್ಟು ಗಾಯಂತ.
ಸಣ್ಣದೊಂದು ಚಿಮಟಾ ಹಾಕಿ,
ಒಳಗಽ ಬಿಟ್ಟು ಬಂದ್ಳು.

ಚಾ ಕುಡಿಯಾಕ ಹೊರಗ ಬಂದಾಗ
ಅಕ್ಕಲಕೋಟ ರಸ್ತಾದಾಗ ಮೊದಲ ಪಾಳಿಯ ಸೈಕಲ್ಲು.
ಭೌರವ್ವನ ಮುಷ್ಟಿಯೊಳಗ ಹಳೇ ಗುಳಿಗಿ ಪಟ್ಟಿ,
ರಕ್ತಾ ತೆಳ್ಳಗ ಮಾಡೂದು. ಅದಕ್ಕಽ ಸೋರಿದ್ದು.
ಗಟಾರಕ್ಕ ಒಗೀಲ್ಯಾ? ಕೇಳಿದ್ಳು.
ಬ್ಯಾಡವ್ವಾ, ಇಟಗೋ.
ಸ್ಪ್ರಿಂಗ್ ಮುಚ್ಚಬಾರದಂದ್ರ ಇದಽ ಬೇಕಂತ.
ಯಾವಾಗಿಂದ ಅನ್ನೂದಕ್ಕ ಅವರಿಬ್ಬರೂ ಒಳಗ
ಇನ್ನಾ ವಾದಾ ಮಾಡಾಕತ್ತಾರ.